ನಾನು ಬದಲಿಸಿದ ಡಬ್ಬಿ

ಸುಜಾತಾ ಸಿಸ್ಟರ್, ಆ ಡಬ್ಬಿಯಲ್ಲಿದ್ದದ್ದು ನನ್ನ ಮಗಳ ಮಲವಲ್ಲ. ನಮ್ಮಣ್ಣನ ಮಗುವಿನದು. ಬದಲಿಸಿದವನು ನಾನೇ. ಹದಿನೆಂಟು ವರ್ಷ ಬಾಯಿ ಮುಚ್ಚಿಕೊಂಡಿದ್ದೆ.

ಪ್ರತಿ ಸೋಮವಾರ ನೀವು ಬಳೇಪೇಟೆಯ ನಮ್ಮ ಓಣಿಗೆ ನಡೆದೇ ಬರುತ್ತಿದ್ದಿರಿ, ಹೆಗಲಲ್ಲಿ ಐಸ್ ಪೆಟ್ಟಿಗೆ. ಹಸುಗೂಸುಗಳಿಗೆ ಭೇದಿ ತರುವ ವೈರಸ್ಸನ್ನು ಹುಡುಕುವ ಕೆಲಸ. ಮನೆಮನೆಯ ಕೂಸಿನ ಮಲ ಎತ್ತಿಕೊಂಡು ಹೋಗುವಾಗ ನೀವು ಒಂದು ದಿನವೂ ಮೂಗು ಮುಚ್ಚಿದ್ದು ನಾನು ನೋಡಲಿಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಬಳೆ ಪೆಟ್ಟಿಗೆ ಹೊತ್ತವನು ನಾನು. ನನಗೂ ಅಂಗಡಿ ಮೆಟ್ಟಿಲ ಮೇಲೆ ಕೂತು ಹೇಳಿಕೊಟ್ಟಿರಿ.

"ಒಂದ್ಸಲ ಬಂದ್ಹೋದ ವೈರಸ್ಸಿನ ಗುರುತು ರಕ್ತ ಇಟ್ಕೊಳ್ಳುತ್ತೆ ರಾಜಣ್ಣ, ಆಂಟಿಬಾಡಿ ಅಂತಾರೆ. ಮುಂದಿನ್ಸಲ ಬಂದ್ರೂ ಅಷ್ಟು ಕಾಡಲ್ಲ. ಆದ್ರೆ ಮೊದಲ್ನೇ ಸಲ ಮಗು ಉಳೀಬೇಕಲ್ಲ? ಅದಕ್ಕೇ ಈ ಉಪ್ಪು-ಸಕ್ಕರೆ ಪುಡಿ ಕದಡಿದ ನೀರು."

ಅಷ್ಟು ಸಲೀಸಾಗಿ ಯಾವ ಮೇಷ್ಟರೂ ನನಗೆ ಏನನ್ನೂ ಹೇಳಿರಲಿಲ್ಲ.

ಆದರೆ ನಾನು — ಓಣಿಯವರ ಮುಂದೆ ಜಂಬ ಕೊಚ್ಚಿದ್ದೆ. "ನಮ್ಮನೇಲಿ ಕುದಿಸ್ದೇ ಇರೋ ನೀರು ಲೋಟಕ್ಕೆ ಬೀಳಲ್ಲ. ಭೇದಿ ಗೀದಿ ಎಲ್ಲ ಕೊಳಕು ಮನೆಯೋರಿಗೆ." ಎದುರುಮನೆಯ ತಾಯಿ, ಭೇದಿ ಹಿಡಿದ ಕೂಸನ್ನು ಎತ್ತಿಕೊಂಡು ಒಳಗೆ ಹೋಗಿಬಿಟ್ಟಿದ್ದಳು. ಅದೇ ವಾರ ನನ್ನ ಮಗಳಿಗೂ ಹಿಡಿಯಿತು. ನೀವು ಕೊಟ್ಟ ಪುಡಿಯನ್ನೇ ನೀರಿಗೆ ಕದಡಿ, ಚಮಚ ಚಮಚ ಕುಡಿಸಿ ಉಳಿಸಿಕೊಂಡೆ. ನಿಮಗೆ ಮಾತ್ರ "ಚೆನ್ನಾಗವ್ಳೆ" ಎಂದು ಎರಡು ಸೋಮವಾರ, ಹುಷಾರಾಗಿದ್ದ ಅಣ್ಣನ ಮಗುವಿನದನ್ನು ಕೊಟ್ಟೆ.

ಡಬ್ಬಿಯ ಮಲದಲ್ಲಿ ವೈರಸ್ ಸಿಕ್ಕಿರಲಿಲ್ಲ; ಆದರೆ ಮುಂದಿನ ತಿಂಗಳು ಮಗಳ ರಕ್ತ ತೆಗೆದಾಗ ಅದರಲ್ಲಿ ಆಂಟಿಬಾಡಿ ಹಿಂದಿನ ಸಲ ತೆಗೆದದ್ದಕ್ಕಿಂತ ಏರಿತ್ತು. ಅಪ್ಪ ಮುಚ್ಚಿಟ್ಟದ್ದನ್ನು ಮಗಳ ರಕ್ತ ಹೇಳಿಬಿಟ್ಟಿತ್ತು. ಡಬ್ಬಿಗಳನ್ನು ನೀವೇ ಅದಲುಬದಲು ಮಾಡಿದ್ದೀರೆಂದು ಮೇಲಿನವರು ಬೈದರಂತೆ. ನೀವು ಬಂದು ಕೇಳಿದಿರಿ: "ನಾನೇ ಹೆಸರಿನ ಚೀಟಿ ತಪ್ಪಾಗಿ ಅಂಟಿಸಿದ್ನಾ ರಾಜಣ್ಣ?"

"ಇರ್ಬೋದು ಸಿಸ್ಟರ್" ಎಂದೆ.

ಆಮೇಲೆ ಪ್ರತಿ ಚೀಟಿಯನ್ನೂ ನೀವು ಎರಡೆರಡು ಸಲ ಓದಿ ಅಂಟಿಸುತ್ತಿದ್ದಿರಿ. ನಿಮ್ಮ ಕೈ ಮೇಲೆ ನಿಮಗಿದ್ದ ನಂಬಿಕೆಯನ್ನೇ ನಾನು — ಕಿತ್ತುಕೊಂಡು, ನೋಡುತ್ತ ನಿಂತಿದ್ದೆ.

ನಿಮ್ಮ ಕೈ ತಪ್ಪಿರಲಿಲ್ಲ ಸಿಸ್ಟರ್.

ಮಗಳಿಗೂ ಇದು ಗೊತ್ತಿಲ್ಲ. ನಮ್ಮ ಮನೆಯ ಹೆಚ್ಚುಗಾರಿಕೆ ಹೇಳಿ ಹೇಳಿಯೇ ಅವಳನ್ನು ಬೆಳೆಸಿದೆ. ಈ ಕಾಗದವನ್ನು ಅವಳ ಕೈಯಲ್ಲೇ ಮಲ್ಲೇಶ್ವರದ ನಿಮ್ಮ ಮನೆಗೆ ಕಳಿಸುತ್ತಿದ್ದೇನೆ. ಕವರು ಅಂಟಿಸಿಲ್ಲ. ಮೊದಲು ಅವಳು ಓದಲಿ.