ಚುಚ್ಚದ ಕಿವಿಯ ಓಲೆ

2014ರ ಮೇ ತಿಂಗಳ ಒಂದು ಶುಕ್ರವಾರ, ಬೆಳಗ್ಗೆ ಆರೂವರೆ. ಸ್ಥಳ, ಅಮೆರಿಕದ ಹ್ಯೂಸ್ಟನ್ ಪಕ್ಕದ ಸ್ಟಾಫರ್ಡ್‌ನ ನನ್ನ ಮನೆಯ ಅಡುಗೆಮನೆ. ಹಾಜರಿದ್ದವರು ನಾನು, ಮತ್ತು ಮಗಳ ಬಾಣಂತನಕ್ಕೆಂದು ಮೈಸೂರಿನಿಂದ ಬಂದು ಮೊದಲು ನನ್ನಲ್ಲಿ ಇಳಿದುಕೊಂಡಿದ್ದ ಅತ್ತಿಗೆ. ಹೀಗೆ ಹೊತ್ತು, ಸ್ಥಳ, ಹಾಜರಿ ಬರೆದೇ ಮುಂದಿನ ಮಾತು ಎನ್ನುವುದು ಆಪರೇಷನ್ ಥಿಯೇಟರ್ ನರ್ಸಾಗಿ ಕಲಿತದ್ದು. ನಿವೃತ್ತಿಯಾದ ಮೇಲೂ ಬಿಟ್ಟಿಲ್ಲ.

ಕಾಫಿ ಕುಡಿದು ಲೋಟ ಕೆಳಗಿಟ್ಟ ಅತ್ತಿಗೆ ಒಂದು ಕೆಂಪು ಬಟ್ಟೆಯ ಚೀಲವನ್ನು ನನ್ನ ಕಡೆಗೆ ತಳ್ಳಿದರು.

"ಅಕ್ಕಿ, ಕೊಬ್ಬರಿ, ಬಳೆ, ರವಿಕೆ ಕಣ, ಎಲ್ಲಾ ಇದೆ. ಭಾನುವಾರ ಸೀಮಂತದಲ್ಲಿ ನೀನೇ ಅವಳ ಮಡಿಲು ತುಂಬಿಬಿಡು. ಸೋದರತ್ತೆ ನೀನು, ನಿಂಗೂ ಹಕ್ಕಿದೆ."

"ಹೆತ್ತ ತಾಯಿ ಅಲ್ಲೇ ಇರುವಾಗ ನಾನ್ಯಾಕೆ ಅತ್ತಿಗೆ?"

"ಬೋಳು ಕಿವೀಲಿ ಯಾರಾದ್ರೂ ಮಡಿಲು ತುಂಬ್ತಾರೇನೇ? ನಾನು ಒಳಗೆ ಪಾಯಸ ನೋಡ್ಕೋತೀನಿ."

ವಿಷಯ ಗೊತ್ತಿದ್ದದ್ದೇ. ಮದುವೆಯಾದಂದಿನಿಂದ ಹೊತ್ತ ಭಾರದ ಓಲೆ, ಜುಮುಕಿಗಳಿಂದ ಅತ್ತಿಗೆಯ ಬಲಗಿವಿಯ ತೂತು ಇಳಿಯುತ್ತಾ ಬಂದು, ಕೊನೆಗೆ ಹಾಲೆ ಹರಿದು ಎರಡಾಗಿತ್ತು. ಒಮ್ಮೆ ಹೊಲಿಸಿದ್ದೂ ಆಗಿತ್ತು. ಹೊಲಿದ ಕಡೆ ಗಂಟು ಬೆಳೆದು, ಮತ್ತೆ ಅದೇ ಜಾಗದಲ್ಲಿ ಹರಿಯಿತು. ಇನ್ನು ಆ ಕಿವಿಗೆ ಸೂಜಿ ಮುಟ್ಟಿಸಬೇಡಿ ಎಂದು ಡಾಕ್ಟರು ಹೇಳಿದ ದಿನವೇ ಎಡಗಿವಿಯದನ್ನೂ ಬಿಚ್ಚಿಟ್ಟರು. ಅಂಗಡಿಯ ಕ್ಲಿಪ್ಪಿನ ಓಲೆಗಳು ಜಾರಿ ಬೀಳುತ್ತಿದ್ದವು. ಅಂದಿನಿಂದ ಮದುವೆ, ಮುಂಜಿಗಳಲ್ಲಿ ಅತ್ತಿಗೆಯ ಜಾಗ ಅಡುಗೆಮನೆ; ಫೋಟೊ ಎಂದರೆ ಸೆರಗು ಕಿವಿಯ ಮೇಲೆ ಬರುತ್ತಿತ್ತು. ಆದರೆ ಇದು ಒಬ್ಬಳೇ ಮಗಳ ಸೀಮಂತ. ಹಿಂದಿನ ದಿನ ಆಸ್ಟಿನ್ ಹತ್ತಿರದ ಜಾರ್ಜ್‌ಟೌನ್‌ನಿಂದ ಫೋನ್ ಮಾಡಿದ್ದ ಸೋದರಸೊಸೆ ನನ್ನೊಬ್ಬಳ ಹತ್ತಿರ ಕೇಳಿದ್ದಳು: "ಅತ್ತೆ, ಅಮ್ಮ ಹೊರಗೆ ಬಂದು ಕೂತ್ಕೋತಾಳಾ?"

ಆ ಪ್ರಶ್ನೆಗೆ ಉತ್ತರ ಹೊಳೆದದ್ದು ಚೀಲ ನನ್ನೆದುರು ಬಂದಾಗ. ಅದಕ್ಕೆ ಕಾರಣ ನನ್ನ ಹಳೆ ಬೆಳ್ಳಿ ಒಡವೆಗಳ ಹುಚ್ಚು.

ಹ್ಯೂಸ್ಟನ್‌ನಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಮೆಕ್ಸಿಕೊ ಮೂಲದ ಹಿರಿಯ ನರ್ಸೊಬ್ಬರು ನನಗೆ ಕೆಲಸ ಕಲಿಸಿದರು. ಕೈ ತೊಳೆಯುವ ಮುಂಚೆ ಅವರು ತಮ್ಮ ಬೆಳ್ಳಿ ಕಡಗವನ್ನು ತೆಗೆದು, ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆಯಲ್ಲಿ ಸುತ್ತಿ, ಜೇಬಿನೊಳಗೆ ಪಿನ್ನು ಹಾಕಿ ಭದ್ರ ಮಾಡುತ್ತಿದ್ದರು. ಒಂದು ದಿನ ಅದನ್ನು ನನ್ನ ಕೈಗೆ ಕೊಟ್ಟರು. ಒಂದೊಂದು ಕೀಲೂ ನಮ್ಮ ಶಸ್ತ್ರಚಿಕಿತ್ಸೆಯ ಕತ್ತರಿಯಷ್ಟು ಸಲೀಸು. ತಿರುಗಿಸಿ ನೋಡಿದರೆ, ಚರ್ಮಕ್ಕೆ ತಾಗುವ, ಯಾರಿಗೂ ಕಾಣದ ಒಳಬದಿಯನ್ನೂ ಮುಂಬದಿಯಷ್ಟೇ ನುಣ್ಣಗೆ ತೀಡಿದ್ದರು. ಅವರ ಅಜ್ಜಿಯದಂತೆ, ಗಣಿಗಳಿದ್ದ ತಾಸ್ಕೊ ಎಂಬ ಬೆಟ್ಟದ ಊರಿನಲ್ಲಿ ಮಾಡಿದ್ದಂತೆ. ಆ ಒಳಬದಿ ನನ್ನನ್ನು ಹಿಡಿಯಿತು. ಆಮೇಲೆ ಡಾಲಸ್‌ನ ಹಳೆ ಸಾಮಾನಿನ ಸಂತೆ, ಆಸ್ಟಿನ್‌ನ ಅಂಗಡಿಗಳು, ಹ್ಯೂಸ್ಟನ್‌ನ ಮನೆ ಖಾಲಿ ಮಾಡುವವರ ಸಾಮಾನಿನ ಮಾರಾಟ, ಎಲ್ಲಿ ಹೋದರೂ ಮೊದಲು ಒಡವೆಯನ್ನು ಮಗುಚಿ ಹಿಂಬದಿಯಲ್ಲಿ, ಬೆಳ್ಳಿಯ ಶುದ್ಧತೆಗೆ ಮೆಕ್ಸಿಕೊ ಸರ್ಕಾರ ಒತ್ತುತ್ತಿದ್ದ ಪುಟ್ಟ ಹದ್ದಿನ ಮುದ್ರೆಯನ್ನು ಹುಡುಕುತ್ತೇನೆ.

ಅತ್ತಿಗೆ ಬಂದ ದಿನವೇ ನನ್ನ ಸಂಗ್ರಹದ ಡ್ರಾಯರ್ ತೆಗೆದು ತೋರಿಸಿದ್ದೆ. "ಕಾಲಿಗೆ ಹಾಕೋ ಬೆಳ್ಳೀನ ಕುತ್ತಿಗೆಗೆ ಹಾಕ್ಕೊಂಡು ತಿರುಗ್ತೀಯಲ್ಲೇ! ತಾಳು, ನಿಮ್ಮಣ್ಣಂಗೆ ಹೇಳ್ತೀನಿ, ತಂಗಿಗೆ ಒಂದೆಳೆ ಚಿನ್ನ ಕಳಿಸಿ ಅಂತ," ಎಂದು ನಕ್ಕಿದ್ದರು.

ಆ ಡ್ರಾಯರಿನಲ್ಲಿ ಇಲ್ಲದಿದ್ದ ಒಂದೇ ಸಾಮಾನು ನೆನಪಾಯಿತು. ಐವತ್ತು ಅರವತ್ತು ವರ್ಷಗಳ ಹಿಂದೆ ಇಲ್ಲಿಯ ಎಷ್ಟೋ ಹೆಂಗಸರು ಕಿವಿ ಚುಚ್ಚಿಸಿಕೊಳ್ಳುತ್ತಿರಲಿಲ್ಲ. ಅವರಿಗೆಂದೇ ಮೆಕ್ಸಿಕೊದ ಅಕ್ಕಸಾಲಿಗರು ತೂತು ಬೇಡದ ಓಲೆ ಮಾಡುತ್ತಿದ್ದರು: ಮುಂದೆ ಬಿಲ್ಲೆ, ಹಿಂದಿನಿಂದ ಹಾಲೆಯನ್ನು ಮೆಲ್ಲಗೆ ಒತ್ತಿ ಹಿಡಿಯುವ ಒಂದು ತಿರುಪು. ನನ್ನ ಕಿವಿ ಚುಚ್ಚಿದ್ದರಿಂದ ಅಂಥವು ಕಂಡಾಗಲೆಲ್ಲ ತಟ್ಟೆಯಲ್ಲೇ ಬಿಟ್ಟು ಬಂದಿದ್ದೆ. ಫೋನಿನಲ್ಲಿ ಆ ದಿನದ ಮಾರಾಟಗಳ ಚಿತ್ರಗಳನ್ನು ನೋಡಿದೆ. ಒಂದು ಮನೆಯ ಚಿತ್ರದಲ್ಲಿ ಅಗಲವಾದ ಬಿಲ್ಲೆಯ ಒಂದು ಜೊತೆ ಕಂಡಿತು.

"ಸೀರೆ ಉಟ್ಕೊಳಿ ಅತ್ತಿಗೆ. ಎಂಟಕ್ಕೆ ಹೊರಡೋಣ."

ಹಳೆಯ ಓಕ್ ಮರಗಳ ಬೀದಿ. ಮನೆಯ ಮುಂದೆ ಫಲಕ, ತೆರೆದ ಬಾಗಿಲು, ಒಳಗೆ ಹೊರಗೆ ಓಡಾಡುವ ಜನ. ಅತ್ತಿಗೆ ಕಾರಿನಿಂದ ಇಳಿಯಲಿಲ್ಲ.

"ಯಾರ ಮನೆಯೇ ಇದು? ಸಾಮಾನೆಲ್ಲ ಯಾಕೆ ಮಾರ್ತಿದಾರೆ?"

ಸುಳ್ಳು ಹೇಳುವುದು ನನಗೆ ಬರುವುದಿಲ್ಲ. "ಮನೆಯೊಡತಿ ತೀರಿಕೊಂಡಿದಾರೆ."

"ಸತ್ತೋರ ಒಡವೆ ಹಾಕ್ಕೊಂಡು ಬಸುರಿ ಮಡಿಲು ತುಂಬ್ಲಾ? ಬುದ್ಧಿ ಇದೆಯಾ ನಿಂಗೆ?"

ಕಾರಿನ ಕಿಟಕಿ ಇಳಿಸಿ, ನಾನೊಬ್ಬಳೇ ಒಳಗೆ ಹೋದೆ. ಊಟದ ಮೇಜಿನ ಮೇಲೆ ಗಾಜಿನ ಪೆಟ್ಟಿಗೆ. ಅದರ ಹಿಂದೆ ಕುಳಿತಿದ್ದವರು ತೀರಿಕೊಂಡವರ ಮಗಳು, ನನ್ನ ವಯಸ್ಸಿನವರು. ಓಲೆಯನ್ನು ಅಂಗೈಗೆ ಹಾಕಿದರು. ಅರ್ಧ ನಿಂಬೆಯಂತೆ ಉಬ್ಬಿದ ಬಿಲ್ಲೆ, ಸುತ್ತಲೂ ಹೆಣೆದ ಹಗ್ಗದಂಥ ಅಂಚು, ಗೆರೆಗಳ ಸಂದಿಯಲ್ಲಿ ಬೇಕೆಂದೇ ತುಂಬಿದ ಕಪ್ಪು. ನೋಡಲು ದಪ್ಪ, ಕೈಯಲ್ಲಿ ಹೂವಿನಷ್ಟು ಹಗುರ, ಏಕೆಂದರೆ ಒಳಗೆ ಟೊಳ್ಳು. ಬೆಸುಗೆಯ ಗೆರೆ ಭೂತಗನ್ನಡಿಯಲ್ಲೂ ಸಿಗಲಿಲ್ಲ. ತಿರುಪು ಒಂದೇ ಬೆರಳಿಗೆ ಎಣ್ಣೆ ಹಾಕಿದಂತೆ ತಿರುಗಿತು. ಹಿಂಬದಿಯಲ್ಲಿ ಹದ್ದು ಇತ್ತು. ಇದನ್ನು ಮಾಡಿದವನು ಕಿವಿಗೂ ನೋವಾಗುತ್ತದೆ ಎಂಬುದನ್ನು ಯೋಚಿಸಿದ್ದ. ಹರಿದ ಹಾಲೆಯ ಎರಡೂ ತುಂಡುಗಳನ್ನು ಮುಚ್ಚಲು ಬಿಲ್ಲೆ ಸಾಕು ಎಂದು ಕಣ್ಣಲ್ಲೇ ಅಳೆದೆ.

ಅಷ್ಟರಲ್ಲಿ ಬಾಗಿಲಲ್ಲಿ ಅತ್ತಿಗೆ. "ಕಾರಲ್ಲಿ ಬೆಂದುಹೋದೆ. ಇಲ್ಲಿ ಏಸಿ ಇದೆಯಲ್ಲ ಅಂತ ಬಂದೆ, ಅಷ್ಟೆ."

ಅವರು ಓಲೆಯ ಕಡೆ ನೋಡಲಿಲ್ಲ. ಗೋಡೆಯ ಕಡೆ ನೋಡಿದರು. ಅಲ್ಲಿ ಇನ್ನೂ ಇಳಿಸದ ಒಂದು ಫೋಟೊ: ಕೂಸನ್ನು ಎತ್ತಿಕೊಂಡು ನಗುತ್ತಿರುವ ಹೆಂಗಸು, ಕಿವಿಯಲ್ಲಿ ಇದೇ ಓಲೆ.

"ಇವರೇನಾ? ಎಷ್ಟು ಮಕ್ಕಳಂತೆ ಕೇಳು."

ಕೇಳಿದೆ. ಐದು ಎಂದರು ಮಗಳು. ಸೂಜಿ ಕಂಡರೆ ಅಮ್ಮನಿಗೆ ಹೆದರಿಕೆ, ಅದಕ್ಕೇ ಅಪ್ಪ ಮೆಕ್ಸಿಕೊದಿಂದ ತಂದುಕೊಟ್ಟದ್ದು, ಪ್ರತಿ ಮೊಮ್ಮಗುವಿನ ನಾಮಕರಣಕ್ಕೂ ಅಮ್ಮ ಇದನ್ನೇ ಹಾಕುತ್ತಿದ್ದಳು, ಈಗ ಮನೆಯಲ್ಲಿ ಎಲ್ಲರ ಕಿವಿಯೂ ಚುಚ್ಚಿದ್ದೇ ಎಂದು ತಾವಾಗಿಯೇ ಹೇಳಿದರು. ನಾನು ಕನ್ನಡಕ್ಕೆ ತಿರುಗಿಸಿ ಹೇಳುತ್ತಾ ಹೋದೆ.

"ಐದೂ ಚೆನ್ನಾಗಿದಾವಂತಾ?"

"ಚೆನ್ನಾಗಿದಾವಂತೆ. ಹದಿಮೂರು ಮೊಮ್ಮಕ್ಕಳು."

ಅತ್ತಿಗೆ ಮತ್ತೊಮ್ಮೆ ಫೋಟೊ ನೋಡಿದರು. "ಇದು ಸಾವಿನ ಮನೆ ಒಡವೆ ಅಲ್ಲ ಬಿಡು. ತುಂಬಿದ ಮನೆದು. ತಾ ಇಲ್ಲಿ."

ಕನ್ನಡಿಯ ಮುಂದೆ ನಿಂತು ಸೆರಗು ಹಿಂದಕ್ಕೆ ಹಾಕಿದರು. ಹರಿದ ಎರಡು ತುಂಡುಗಳನ್ನು ನಾನು ಬೆರಳಿನಿಂದ ಜೋಡಿಸಿ ಹಿಡಿದೆ, ತಿರುಪು ಬಿಗಿಸಿದೆ, ಕೈ ಬಿಟ್ಟೆ. ಓಲೆ ನಿಂತಿತು. ಅತ್ತಿಗೆ ತಲೆಯನ್ನು ಅತ್ತ ಇತ್ತ ಆಡಿಸಿದರು, ಬಗ್ಗಿದರು, ಎದ್ದರು. ಆಮೇಲೆ ಕನ್ನಡಿಯಲ್ಲೇ ನನ್ನನ್ನು ನೋಡಿ, "ಚೆನ್ನಾಗಿದೆ ಅಂತ ಅವಳ ಮುಂದೆ ಹೇಳ್ಬೇಡ. ಮೊದಲು ಬೆಲೆ ಇಳಿಸೋಕೆ ಹೇಳು," ಎಂದರು.

ಹಿಲ್‌ಕ್ರಾಫ್ಟ್‌ನಲ್ಲಿ ಭಾರತೀಯರ ಅಂಗಡಿಯಿಂದ ಹೂವು, ವೀಳ್ಯದೆಲೆ ಕೊಂಡು ಮನೆ ಸೇರಿದೆವು. ಊಟವಾದ ಮೇಲೆ ನಾನು ಕೋಣೆಯಿಂದ ಬರುವಷ್ಟರಲ್ಲಿ ಅತ್ತಿಗೆ ಸಿಂಕಿನ ಮುಂದೆ ಹುಣಸೆಹಣ್ಣು ನೆನೆಹಾಕಿದ್ದರು.

"ಅಯ್ಯೋ, ಉಜ್ಜಬೇಡಿ! ಆ ಕಪ್ಪು ಕೊಳೆಯಲ್ಲ, ಚಿತ್ತಾರ. ಅದು ಹೋದ್ರೆ ಓಲೆ ಬರೀ ತಗಡು."

"ಶುದ್ಧ ಮಾಡದೆ ಹೇಗೆ ಹಾಕ್ಕೊಳ್ಳಲಿ?"

ಕೊನೆಗೆ ಇಬ್ಬರಿಗೂ ಒಪ್ಪಿಗೆಯಾದದ್ದು ಅರಿಶಿನದ ನೀರು. ಅತ್ತಿಗೆ ಒಮ್ಮೆ ಅದ್ದಿ ತೆಗೆದರು, ನಾನು ಮೆತ್ತನೆ ಬಟ್ಟೆಯಿಂದ ಒತ್ತಿ ಒರೆಸಿದೆ. ತಿರುಪಿನ ತುದಿಗೆ, ಕಿವಿ ಒತ್ತದಂತೆ, ಮೆತ್ತನೆಯ ಅಂಟುಪಟ್ಟಿಯ ಚೂರನ್ನು ದುಂಡಗೆ ಕತ್ತರಿಸಿ ಅಂಟಿಸಿದೆ. ಸಂಜೆಯವರೆಗೆ ಹಾಕಿಕೊಂಡೇ ಇರಲು ಹೇಳಿ, ಆಗಾಗ ಹಾಲೆಯ ಬಣ್ಣ ನೋಡಿದೆ. ಕೆಂಪಾಗಲಿಲ್ಲ. ಓಲೆ ಜಾರಲೂ ಇಲ್ಲ.

ಸೊಸೆಗೆ ಫೋನ್ ಮಾಡೋಣವೇ ಎಂದೆ.

"ಏನೂ ಹೇಳ್ಬೇಡ. ನೋಡಲಿ."

ಮರುದಿನ ಸೊಸೆಯ ಊರಿಗೆ ಹೊರಡಲು ಸಾಮಾನು ಜೋಡಿಸುವುದೊಂದು ಉಳಿದಿತ್ತು. ಸೀರೆ, ಹೂವು, ಹಣ್ಣು ಒಂದು ಕಡೆ ಇಟ್ಟೆ. ಕೆಂಪು ಚೀಲ ಬೆಳಗಿನಿಂದ ನನ್ನ ಕುರ್ಚಿಯ ಮೇಲೇ ಇತ್ತು. ಅತ್ತಿಗೆ ಬಂದು ಅದನ್ನು ಎತ್ತಿಕೊಂಡರು, ಬಳೆಗಳನ್ನು ಒಮ್ಮೆ ಮುಟ್ಟಿ ನೋಡಿದರು, ದಾರ ಬಿಗಿದು ತಮ್ಮ ಕೈಚೀಲದೊಳಗೆ ಇಟ್ಟುಕೊಂಡರು. ಸೂಟ್‌ಕೇಸಿನ ಜಿಪ್ಪು ಎಳೆದೆ. ಆ ದಿನದ ಕೆಲಸ ಮುಗಿಯಿತು.