ದುರಗಪ್ಪಜ್ಜ ಹೇಳಿದ್ದಲ್ಲ

ಈರಣ್ಣಾ, ನಿನ್ನ ಭುಜ ಕಳಚಿದ ಸುದ್ದಿಯನ್ನು ನರಗುಂದದವರಿಗೆ ಹೇಳಿದವಳು ನಾನು. ದುರಗಪ್ಪಜ್ಜ ಅಲ್ಲ. ನಾನು — ನಿನ್ನ ಒಡಹುಟ್ಟಿದ ಅಕ್ಕ.

ಈ ಕಾಗದವನ್ನು ಮೊಮ್ಮಗಳ ಕೈಗೆ ಕೊಟ್ಟು ಓದಿಸಬೇಡ. ಕನ್ನಡಕ ಹಾಕಿಕೊಂಡು ನೀನೇ ಓದು. ಎದುರಿಗೆ ಕೂತು ಹೇಳಿಬಿಡಬೇಕೆಂದು ಎಷ್ಟೋ ಸಲ ಗಜೇಂದ್ರಗಡದ ಬಸ್ಸು ಹತ್ತಿದ್ದೇನೆ. ಪ್ರತಿ ಸಲವೂ ನೀನು ಎಡಗೈಯಲ್ಲಿ ಚಹಾ ತಂದಿಡುತ್ತಿದ್ದೆ. ಆ ಎಡಗೈ ಕಂಡ ಕೂಡಲೇ — ಮಳೆಯ ಮಾತು, ಮಕ್ಕಳ ಮಾತು, ಊರ ಉಸಾಬರಿಯೆಲ್ಲ ಆಡಿ ಮುಗಿಸಿ ತಿರುಗಿ ಬಂದುಬಿಡುತ್ತಿದ್ದೆ. ಬಾಯಿಬಡುಕಿ ಎಂದು ಎರಡೂ ಊರಲ್ಲಿ ಹೆಸರಾದವಳು ಈ ಒಂದು ಮಾತಿಗೆ ಮಾತ್ರ ಮೂಕಿಯಾದೆ.

ಆ ಕುಸ್ತಿಯ ಕತೆಯಲ್ಲಿ ನಿನಗೆ ಗೊತ್ತಿರುವುದು ಗಜೇಂದ್ರಗಡದ ಅರ್ಧ. ನರಗುಂದದ ಅರ್ಧವನ್ನು ಈಗ ನಾನು ಹೇಳುತ್ತೇನೆ.

ಏಕೀಕರಣವಾದ ಹೊಸತು. ನಾನು ನರಗುಂದದ ಸೊಸೆಯಾಗಿ ಕೆಲವು ವರ್ಷಗಳಾಗಿದ್ದವು. ಸಂಜೆ ಹೊಲದಿಂದ ಬಂದ ಮೇಲೆ ನಮ್ಮ ಪಡಸಾಲೆಯಲ್ಲಿ ಗಂಡಸರು ಸೇರುತ್ತಿದ್ದರು. ಬೆಳೆಯ ಮಾತು ಮುಗಿಯುವುದರೊಳಗೆ ಗರಡಿಯ ಮಾತು ಬರುತ್ತಿತ್ತು. ಮುಂದಾಳು ನನ್ನ ಮೈದುನ ಶಂಕ್ರಪ್ಪ. ತಾನು ಒಂದು ದಿನವೂ ಕೆಂಪು ಮಣ್ಣು ಮುಟ್ಟಿದವನಲ್ಲ. ಆದರೆ ಯಾವ ಗರಡಿಗೆ ಎಷ್ಟು ಉತ್ಪನ್ನ, ಯಾವ ಪೈಲ್ವಾನನಿಗೆ ಎಷ್ಟು ಪಗಾರ, ಯಾವ ಊರ ಕಣದ ಸುತ್ತ ಎಷ್ಟು ಜನ ಕೂರಬಹುದು — ಎಲ್ಲ ಅವನ ನಾಲಿಗೆಯ ತುದಿಯಲ್ಲಿ. ನರಗುಂದದ ಗರಡಿಗೆ ಹತ್ತಿ ವ್ಯಾಪಾರಿಗಳ ಬೆನ್ನಿತ್ತು. ಚೀಲಕ್ಕೆ ಇಷ್ಟು ಎಂದು ಅವರು ತೆಗೆದಿಡುತ್ತಿದ್ದರು. ಆ ದುಡ್ಡಿನಲ್ಲಿ ಕೃಷ್ಣಾ ನದಿಯ ಆಚೆಯಿಂದ ಒಬ್ಬ ಪೈಲ್ವಾನನನ್ನು ತಂದು, ತಿಂಗಳ ಪಗಾರ ಗೊತ್ತು ಮಾಡಿ, ಹಾಲು ತುಪ್ಪ ಬದಾಮಿಯ ಖುರಾಕು ಬೇರೆ ಹಚ್ಚಿದ್ದರು. ನಮ್ಮ ಗಜೇಂದ್ರಗಡದ ಗರಡಿಯೋ — ನಿನಗೆ ಗೊತ್ತಲ್ಲ — ನೇಕಾರರ ಮಗ್ಗದ ಮೇಲೆ ನಡೆಯುತ್ತಿತ್ತು. ಸೀರೆ ಮಾರಿ ಬಂದವರು ಕೈಲಾದದ್ದು ಕೊಡುತ್ತಿದ್ದರು. ಅದನ್ನೇ ಉಂಡು ನೀನು ಪೈಲ್ವಾನನಾದೆ.

“ವೈನಿ, ನಿಮ್ಮೂರಾಗ ಪೈಲ್ವಾನಗ ಪಗಾರ ಕೊಡ್ತಾರೋ, ಇಲ್ಲಾ ಒಂದ ಸೀರಿ ಉಡಿಸಿ ಕಳಸ್ತಾರೋ?” ಎಂದು ಶಂಕ್ರಪ್ಪ ಕೆಣಕುತ್ತಿದ್ದ.

ನಾನು ಅಡಿಗೆಮನೆಯ ಬಾಗಿಲಿಗೆ ಬಂದು ನಿಲ್ಲುತ್ತಿದ್ದೆ. “ನಮ್ಮ ಹುಡುಗ ಊರ ಅನ್ನಾ ಉಂಡ ಊರ ಮಾನಾ ಕಾಯ್ತಾನ. ನಿಮ್ಮಾಂವ ಬೆಲ್ಲ ಇದ್ದಲ್ಲಿ ಇರಿವಿ. ನಾಳೆ ಸವದತ್ತ್ಯಾವರು ಎರಡ ರೂಪಾಯಿ ಹೆಚ್ಚ ಕೊಟ್ರ ಲಂಗೋಟಿ ಹಿಡಕೊಂಡ ಅತ್ತಾಗ ಓಡ್ತಾನ.”

“ಅದಿರ್ಲಿ, ಕಣದ ಮಾತ ಹೇಳ್ರಿ. ನಮ್ಮಲ್ಲೆ ಸುತ್ತೆಲ್ಲಾ ಕಲ್ಲಿನ ಪಾವಟಿಗಿ ಕಟ್ಟೇವಿ. ನಿಮ್ಮಲ್ಲೆ ಮಂದಿ ಗುಡ್ಡದ ಬಂಡಿಗಲ್ಲ ಮ್ಯಾಲ ಮಂಗ್ಯಾನಂಗ ಕುಂತ ನೋಡ್ತಾರ.”

“ಗುಡ್ಡಾ ನಿಮ್ಮೂರಾಗೂ ಐತೆಲ್ಲಪ್ಪಾ. ಹತ್ತಿ ಕುಂದ್ರಾಕ ಮಂದೀನ ಬರಂಗಿಲ್ಲ, ಏನ್ ಮಾಡೂದು!”

ಪಡಸಾಲೆಯೆಲ್ಲ ನಗುತ್ತಿತ್ತು. ನಮ್ಮ ಮನೆಯವರೂ ಮೀಸೆಯೊಳಗೇ ನಗುತ್ತಿದ್ದರು. ನಿಜ ಹೇಳುತ್ತೇನೆ ಈರಣ್ಣಾ, ಆ ನಗು ನನಗೆ ಬಹಳ ರುಚಿಸುತ್ತಿತ್ತು. ಆ ಮನೆಯಲ್ಲಿ ಅಡಿಗೆಗೆ ಏನು ಮಾಡಬೇಕೆಂಬುದರಲ್ಲೂ ನನಗೆ ಮಾತಿರಲಿಲ್ಲ, ಅತ್ತೆಯವರದೇ ಕಾರಭಾರು. ಗರಡಿಯ ವಾದದಲ್ಲಿ ಮಾತ್ರ ನನ್ನ ಮಾತು ಕೇಳಿಸಿಕೊಳ್ಳುತ್ತಿದ್ದರು. ನಾನು ಆಡುತ್ತಿದ್ದುದು ತವರಿನ ಮಾನಕ್ಕೆ ಎಂದು ತಿಳಿದಿದ್ದೆ. ಈಗ ಯೋಚಿಸಿದರೆ — ಅರ್ಧ ನನ್ನ ಹೆಚ್ಚುಗಾರಿಕೆಗೇ ಇತ್ತು.

ಆ ವರ್ಷ ಎರಡೂ ಊರಿನವರು ಸೇರಿ, ಯಾರ ಊರೂ ಬೇಡವೆಂದು ರೋಣದಲ್ಲಿ ಕುಸ್ತಿ ಗೊತ್ತು ಮಾಡಿದರು. ಅವರ ಕಡೆ ಪಗಾರದ ಪೈಲ್ವಾನ, ನಮ್ಮ ಕಡೆ ನೀನು. ನಾನು ಸೀಗಿ ಹುಣ್ಣಿಮೆಗೆ ತವರಿಗೆ ಬಂದಾಗ ನೀನು ರುಮಾಲು ಸುತ್ತಿಕೊಳ್ಳಲು ಬಲಗೈ ಎತ್ತಲಾರದೆ ಒದ್ದಾಡುವುದನ್ನು ಕಂಡೆ. ಅವ್ವ ಹೋದ ಮೇಲೆ ನಿನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳಿಗೆ ಅದು ಕಾಣದೆ ಇರುತ್ತದೆಯೇ? ಒತ್ತಿ ಕೇಳಿದೆ. ನಸುಕಿನಲ್ಲಿ ಒಬ್ಬನೇ ಗದೆ ತಿರುಗಿಸುವಾಗ ಭುಜ ಕಳಚಿತ್ತು, ಗರಡಿಯಲ್ಲಿ ಮಾಲೀಸು ಮಾಡುವ ದುರಗಪ್ಪಜ್ಜ ಎಳೆದು ಕೂರಿಸಿದ್ದ. ಈ ವರ್ಷ ಕುಸ್ತಿಯ ಕಣಕ್ಕೆ ಇಳಿಯಬೇಡ ಎಂದೂ ಹೇಳಿದ್ದ. ನೀನು ಕೇಳಲಿಲ್ಲ.

“ಮಗ್ಗದ ಮಂದಿ ತಮ್ಮ ಹೊಟ್ಟೀದು ತಗದ ನನಗ ಉಣಿಸ್ಯಾರಕ್ಕಾ. ಈಗ ಹ್ಯಾಂಗ ಹಿಂದ ಸರೀಲಿ?” ಎಂದೆ ನೀನು. ಆಮೇಲೆ ನಕ್ಕು, “ನನಗ, ಅಜ್ಜಗ, ನಿನಗ — ಮೂರ ಮಂದಿಗೇ ಗೊತ್ತು. ನರಗುಂದಕ್ಕ ಹೋಗಿ ಬಾಯಿ ಬಿಟ್ಟಿ ಮತ್ತ!” ಎಂದೆ. ನಾನು ನಿನ್ನ ತಲೆಗೊಂದು ಮೊಟಕಿದೆ. ಉಪ್ಪಿನ ಗಂಟು ಬಿಸಿ ಮಾಡಿ ಭುಜಕ್ಕೆ ಕಾವು ಕೊಟ್ಟು ನರಗುಂದದ ದಾರಿ ಹಿಡಿದೆ.

ಸುಗ್ಗಿ ಮುಗಿಯಿತು. ಕುಸ್ತಿ ಹತ್ತಿರ ಬಂದಂತೆ ಪಡಸಾಲೆಯ ವಾದದ ಕಾವೂ ಏರಿತು. ಒಂದು ಸಂಜೆ — ನಾನು ರೊಟ್ಟಿ ಬಡಿದು ಕೈ ತೊಳೆದುಕೊಂಡು ಬಂದು ನಿಂತಿದ್ದೆ. ಶಂಕ್ರಪ್ಪ ಎಂದಿನಂತೆ ಪಗಾರದ ಮಾತು ಎತ್ತಿದ. ನಾನು ಎಂದಿನಂತೆ ಉತ್ತರ ಕೊಟ್ಟೆ. ಆಗ ಅವನು, “ನಿಮ್ಮ ತಮ್ಮಗ ಸಿಗೂದು ಪಗಾರಲ್ರಿ ವೈನಿ, ಭಿಕ್ಷಾ. ಮಗ್ಗ ಮಗ್ಗಕ್ಕ ಹೋಗಿ ಜೋಳಿಗಿ ಹಿಡೀತಾನ” ಎಂದ.

ಭಿಕ್ಷೆ ಎಂಬ ಮಾತು ನನಗೆ ತಡೆಯಲಾಗಲಿಲ್ಲ. ಎಲ್ಲರೂ ನಕ್ಕರು. ನಮ್ಮ ಮನೆಯವರೂ ನಕ್ಕರು.

“ಭುಜಾ ಕಳಚಿದ ಕೈ ಇಟಕೊಂಡ ಬಂದ್ರೂ ನನ್ನ ತಮ್ಮ ಇನ್ನೊಂದ ಕೈಲೆ ನಿಮ್ಮ ಬದಾಮಿ ತಿನ್ನಾಂವನ್ನ ಕೆಡವತಾನ, ನೋಡ್ತಿರ್ರಿ!” ಎಂದುಬಿಟ್ಟೆ.

ನಗು ನಿಂತಿತು. ಶಂಕ್ರಪ್ಪ ಸ್ವಲ್ಪ ಮುಂದಕ್ಕೆ ಬಾಗಿ, ಬಹಳ ಮೆತ್ತಗೆ ಕೇಳಿದ — “ಯಾವ ಕೈ, ವೈನಿ?”

ಇಷ್ಟು ವರ್ಷ ನಾನು ನನಗೇ ಹೇಳಿಕೊಂಡದ್ದು, ಬಾಯಿ ಜಾರಿತು ಎಂದು. ಅದು ಸುಳ್ಳು. ಮೊದಲ ಮಾತು ಜಾರಿದ್ದು ಹೌದು. ಆದರೆ ಅವನು ಕೇಳಿದ ಮೇಲೆ — ಒಂದು ಉಸಿರಿನಷ್ಟು ಹೊತ್ತು ಇತ್ತು. ಮಾತಿಗೆ ಹೇಳಿದೆನಪ್ಪಾ ಎನ್ನಬಹುದಿತ್ತು. ಒಲೆಯ ಮೇಲಿನ ಸಾರಿನ ನೆವ ಹೇಳಿ ಒಳಗೆ ಹೋಗಬಹುದಿತ್ತು. ಇಡೀ ಪಡಸಾಲೆ ನನ್ನ ಬಾಯಿಯನ್ನೇ ನೋಡುತ್ತಿತ್ತು ಈರಣ್ಣಾ, ಅಷ್ಟು ಗಂಡಸರು. ಗೆದ್ದೆನೆಂಬ ಸೊಕ್ಕಿನಲ್ಲಿ —

“ಬಲಗೈ” ಎಂದೆ.

ಅದೊಂದೇ ಮಾತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಹೋದದ್ದು ನಿನ್ನ ಕೈ.

ಇಲ್ಲಿಗೇ ನಿಂತಿದ್ದರೆ ಒಂದು ತಪ್ಪು. ಇನ್ನೊಂದಿದೆ. ಮರುದಿನದ ಹೊತ್ತಿಗೆ ಶಂಕ್ರಪ್ಪ ಗರಡಿಗೆ ಹೋಗಿಬಂದದ್ದು ನನಗೆ ತಿಳಿಯಿತು. ಕುಸ್ತಿಗೆ ಇನ್ನೂ ದಿನಗಳಿದ್ದವು. ನಮ್ಮ ಗಜೇಂದ್ರಗಡದ ಸೀರೆ ವ್ಯಾಪಾರಿ ಅದೇ ವಾರ ನಮ್ಮ ಕಟ್ಟೆಯ ಮೇಲೆ ಗಂಟು ಬಿಚ್ಚಿ ಕೂತಿದ್ದ. ಅವನಿಗೆ ನೀರು ಕೊಟ್ಟೆ, ಬೆಲ್ಲ ಕೊಟ್ಟೆ. ‘ಈರಣ್ಣಗೆ ಹೇಳು, ಇಳಿಯಬೇಡ, ಅವರಿಗೆ ಗೊತ್ತಾಗಿದೆ’ — ಇಷ್ಟು ಹೇಳಲಿಲ್ಲ. ಹೇಗೆ ಗೊತ್ತಾಯಿತೆಂದು ನೀನು ಕೇಳುತ್ತೀಯಲ್ಲ, ಅದಕ್ಕೆ. “ತಮ್ಮಗ ಏನರ ಹೇಳೂದೈತೇನವಾ?” ಎಂದು ಅವನೇ ಕೇಳಿದ. ಆರಾಮ ಇದ್ದೇನೆಂದು ಹೇಳು ಎಂದೆ.

ರೋಣದ ಕಣದಲ್ಲಿ ಆದದ್ದನ್ನು ನಿನಗೆ ನಾನು ಹೇಳಬೇಕೇ? ನರಗುಂದದ ಪೈಲ್ವಾನ ಬೇರೆ ಯಾವ ಪಟ್ಟಿಗೂ ಕೈಹಾಕದೆ ನೇರ ನಿನ್ನ ಬಲಭುಜಕ್ಕೆ ಬಂದನಂತೆ. ನೀನು ಕೂಗಿದ್ದು ದೂರದವರಿಗೂ ಕೇಳಿಸಿತಂತೆ. ನನಗೆ ಗೊತ್ತಾದದ್ದು ಮರುದಿನ ಬೆಳಗ್ಗೆ, ಹತ್ತಿಯ ಲಾರಿಯಲ್ಲಿ ಹಲಗೆ ಬಾರಿಸುತ್ತ ಅವರು ಊರಿಗೆ ಬಂದಾಗ. ಗುಲಾಲು ಮೆತ್ತಿದ ಪೈಲ್ವಾನನನ್ನು ಶಂಕ್ರಪ್ಪ ನಮ್ಮ ಬಾಗಿಲಿಗೇ ಕರೆತಂದ. “ಆರತಿ ತಗೊಂಬಾ” ಎಂದರು ಅತ್ತೆ. ತಟ್ಟೆ ತಂದೆ. ನಿನ್ನ ಕೈ ಮುರಿದವನಿಗೆ ನಾನೇ ಆರತಿ ಬೆಳಗಿದೆ. ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ನೋಡಿ ತವರು ಸೋತಿತೆಂದು ಅಳುತ್ತಾಳೆ ಎಂದು ಮಂದಿ ನಕ್ಕರು.

ನಾನು ಗಜೇಂದ್ರಗಡಕ್ಕೆ ಬಂದ ದಿನ ನೀನು ಕಟ್ಟೆಯ ಮೇಲೆ ಕೂತಿದ್ದೆ, ಕೈಗೆ ಬಿದಿರಿನ ಪಟ್ಟಿ ಕಟ್ಟಿತ್ತು. ಸುತ್ತ ಗರಡಿಯವರು. ದುರಗಪ್ಪಜ್ಜ ಕೆಳಗೆ ನಿಂತಿದ್ದ, ಎಣ್ಣೆಯ ಬಟ್ಟಲು ಹಿಡಿದುಕೊಂಡು. ನಿನ್ನ ಭುಜ ನೋಡಲೆಂದೇ ಬಂದಿದ್ದ.

“ಅಜ್ಜನ ಮಗಳ್ನ ನರಗುಂದಕ್ಕ ಕೊಟ್ಟೈತಿ. ಮತ್ತ ಹ್ಯಾಂಗ ಹೋತು ಸುದ್ದಿ?” ಎಂದರು ಯಾರೋ.

ನರಗುಂದಕ್ಕೆ ಕೊಟ್ಟ ಹೆಣ್ಣು ನಾನೂ ಅಲ್ಲೇ ನಿಂತಿದ್ದೆನಲ್ಲ. ಯಾರಿಗೂ ಹೊಳೆಯಲಿಲ್ಲ. ನಿನಗೂ ಹೊಳೆಯಲಿಲ್ಲ.

“ನಾ ಹೇಳಿಲ್ಲೋ ಯಪ್ಪಾ. ನನ್ನ ಮಗಳ ಮುಂದೂ ಹೇಳಿಲ್ಲ” ಎಂದ ಅಜ್ಜ.

“ಇನ್ನ ಗರಡಿ ಹೊಸ್ತಿಲಾ ತುಳೀಬ್ಯಾಡ, ಅಜ್ಜಾ” ಎಂದೆ ನೀನು. ಎಷ್ಟೋ ವರ್ಷ ನಿನ್ನ ಮೈ ತಿಕ್ಕಿದ ಮುದುಕ. ಅವನು ನನ್ನ ಕಡೆ ನೋಡಿದ. ಮೂರು ಮಂದಿಗೆ ಗೊತ್ತಿದ್ದ ಮಾತು — ತಾನು ಹೇಳಿಲ್ಲ, ನೀನು ಹೇಳುವವನಲ್ಲ. ಅವನು ನನ್ನ ಮುಖವನ್ನು ಪೂರ್ತಿ ನೋಡಿದ. ನಾನು ಸೆರಗು ಸರಿಮಾಡಿಕೊಂಡೆ. ಬಾಯಿ ತೆರೆಯಲಿಲ್ಲ. ಅವನು ಎಣ್ಣೆಯ ಬಟ್ಟಲನ್ನು ಕಟ್ಟೆಯ ಅಂಚಿಗಿಟ್ಟು ಹೊರಟುಬಿಟ್ಟ.

ಆ ಮೇಲಿನದು ನೀನೇ ಬಾಳಿದ್ದು. ರಂಟೆ ಹಿಡಿಯಲಾಗದೆ ಹೊಲವನ್ನು ಬೇರೆಯವರಿಗೆ ಲಾವಣಿಗೆ ಕೊಟ್ಟದ್ದು, ಬಸ್ ನಿಲ್ದಾಣದ ಎದುರು ಚಹಾದ ಅಂಗಡಿ ಇಟ್ಟದ್ದು. ಅಜ್ಜ ಊರು ಬಿಟ್ಟು ನರೇಗಲ್ಲಿಗೆ ಹೋಗಿ ಯಾರದೋ ಹಿತ್ತಲಲ್ಲಿ ಇದ್ದು ಅಲ್ಲೇ ತೀರಿಕೊಂಡ. ಶಂಕ್ರಪ್ಪ ನನ್ನ ಹೆಸರು ಎಲ್ಲಿಯೂ ಎತ್ತಲಿಲ್ಲ. ಅವನೂ ಹೋದ, ನಮ್ಮ ಮನೆಯವರೂ ಹೋದರು. ಇನ್ನು ನಾನು ಸತ್ತರೆ ಈ ಮಾತು ನನ್ನೊಂದಿಗೇ ಹೋಗುತ್ತದೆ ಎಂದು ತಿಳಿದಿದ್ದೆ. ಅದೇ ಸಮಾಧಾನ ಎಂದೂ ತಿಳಿದಿದ್ದೆ. ಥೂ.

ಹೋದ ತಿಂಗಳು ನಿನ್ನಲ್ಲಿಗೆ ಬಂದಾಗ ನೀನು, “ಎಲ್ಲಾರೂ ಮೋಸಾ ಮಾಡಿದ್ರು. ನೀ ಒಬ್ಬಾಕಿ ನನ್ನ ಕಡಿ ಇದ್ದಿ ನೋಡಕ್ಕಾ” ಎಂದೆ. ಹಾಗೆನ್ನಬಾರದಿತ್ತು ನೀನು. ಬಸ್ಸಿನಲ್ಲಿ ಊರು ಮುಟ್ಟುವವರೆಗೆ ಅತ್ತೆ.

ಇಳಿದವಳು ಮನೆಗೆ ಹೋಗಲಿಲ್ಲ. ನಮ್ಮ ಹಿಂದಿನ ಓಣಿಗೆ, ದುರಗಪ್ಪಜ್ಜನ ಮಗಳು ಯಲ್ಲವ್ವನ ಮನೆಗೆ ಹೋದೆ. ಒಂದೇ ಕೆರೆಯ ನೀರು ಹೊತ್ತವರು ನಾವು, ಇಷ್ಟು ವರ್ಷ ಎದುರುಬದುರು ನಡೆದವರು. ಅವಳ ಮುಂದೆ ಕೂತು ಎಲ್ಲ ಹೇಳಿದೆ. ಪಗಾರದ ವಾದ, ಶಂಕ್ರಪ್ಪ ಕೇಳಿದ್ದು, ನಾನು ಹೇಳಿದ್ದು.

ಅವಳು ಕಾಳು ಆರಿಸುವುದನ್ನು ನಿಲ್ಲಿಸಲಿಲ್ಲ.

“ಗೊತ್ತೈತ್ರಿ ಅಕ್ಕಾರ” ಎಂದಳು. “ಅಪ್ಪ ನನಗ ಆಗ ಹೇಳಿದ್ದ. ಹೋಗಿ ಊರ ಮುಂದ ಹೇಳ್ತೀನಿ ಅಂತ ನಾ ಎದ್ದ ನಿಂತಿದ್ದೆ. ಬ್ಯಾಡ, ತಾಯಿಲ್ಲದ ಹುಡುಗಿ, ಆಕೀದು ತವರ ಮನಿ ಮುರೀತೈತಿ, ಸುಮ್ನಿರು ಅಂದ.”

ಮುರಿದದ್ದು ಅವಳ ತವರು, ಈರಣ್ಣಾ. ಅಪ್ಪ ಊರು ಬಿಟ್ಟ ಮೇಲೆ ಅವಳು ಗಜೇಂದ್ರಗಡದ ಮಣ್ಣು ಮೆಟ್ಟಲಿಲ್ಲ. ಕರೆಯಲು ಅಣ್ಣತಮ್ಮಂದಿರಿಲ್ಲ. ಪ್ರತಿ ವರ್ಷ ಪಂಚಮಿಗೆ ನೀನು ಬಂದು ನನ್ನನ್ನು ಕರೆದೊಯ್ಯುವಾಗ ಅವಳು ಆ ಓಣಿಯ ತುದಿಯಲ್ಲಿ ನಿಂತು ನೋಡುತ್ತಿದ್ದಳು. ಎಲ್ಲ ಗೊತ್ತಿದ್ದು ನೋಡುತ್ತಿದ್ದಳು. “ಹೋಗಿ ಬರ್ರಿ ಅಕ್ಕಾರ” ಎನ್ನುತ್ತಿದ್ದಳು.

ಕ್ಷಮಿಸು ಎಂದು ಬರೆಯುವ ಮುಖ ನನಗಿಲ್ಲ. ಸಿಟ್ಟು ಬಂದರೆ ಬರಲಿ, ನನ್ನ ಮುಖ ನೋಡುವುದಿಲ್ಲವೆಂದರೆ ಅದೂ ನ್ಯಾಯ. ಒಂದು ಮಾತು ಮಾತ್ರ ನಡೆಸಿಕೊಡು. ಈ ಪಂಚಮಿಗೆ ನನ್ನನ್ನು ಕರೆಯಲು ಬರಬೇಡ. ನರಗುಂದದಲ್ಲಿ ಬಸ್ಸು ಇಳಿದು, ನಮ್ಮ ಮನೆ ದಾಟಿ ಹಿಂದಿನ ಓಣಿಗೆ ಹೋಗು. ಯಲ್ಲವ್ವನನ್ನು ಕರೆದುಕೊಂಡು ಹೋಗು. ನಾನು ಬಾಗಿಲಲ್ಲಿ ನಿಂತಿರುತ್ತೇನೆ.