ದೊಡ್ಡಮ್ಮನ ಹಿಡಿಯಕ್ಕಿ

ನನ್ನ ದೊಡ್ಡಮ್ಮನ ಕೈ ಗಂಡಸರ ಕೈಯಷ್ಟು ದೊಡ್ಡದು. ಗುಂಡ್ಲುಪೇಟೆಯ ಆಸ್ಪತ್ರೆಯಲ್ಲಿ ಆಯಾ ಆಗಿ ಇಪ್ಪತ್ತು ವರ್ಷ ಬಾಣಂತಿಯರ ಬಟ್ಟೆ ಒಗೆದು ಅಂಗೈ ಮರದ ತೊಗಟೆಯಂತೆ ಬಿರಿದಿತ್ತು. ಭಾನುವಾರ ಎಷ್ಟು ಸೋಪು ಹಾಕಿ ಉಜ್ಜಿದರೂ ಫಿನಾಯಿಲ್ ವಾಸನೆ ಹೋಗುತ್ತಿರಲಿಲ್ಲ. ಆ ಕೈಯ ಒಂದು ಹಿಡಿ ಅಕ್ಕಿ ಬೇರೆ ಹೆಂಗಸರ ಎರಡು ಹಿಡಿಗೆ ಸಮ.

ನಮ್ಮ ಕ್ರೈಸ್ತ ಸಭೆಯಲ್ಲಿ ಹಿಡಿಯಕ್ಕಿ ಎಂಬ ಪದ್ಧತಿ ಇತ್ತು. ಹೆಂಗಸರು ಎಸರಿಡುವಾಗಲೆಲ್ಲ ಒಂದು ಹಿಡಿ ಅಕ್ಕಿಯನ್ನು ಬೇರೆ ತೆಗೆದಿಟ್ಟು ಭಾನುವಾರ ದೇವಾಲಯಕ್ಕೆ ತರಬೇಕು. ಅಕ್ಕಿ ಇಲ್ಲದ ಮನೆಯವರು ರಾಗಿ ತರುತ್ತಿದ್ದರು. ಅದನ್ನು ಮಡಕೆಗೆ ತುಂಬಿ ಹಂಚುವ ಕೆಲಸ ದೊಡ್ಡಮ್ಮನದು. ಮಡಕೆಯ ಮೇಲೆ ಸುಣ್ಣದಲ್ಲಿ ‘ಬಡವರಿಗೆ’ ಎಂದು ಬರೆದಿತ್ತು. ಹಿರಿಯರು ಹೇಳಿದರು, ನಾನು ಬರೆದೆ. ದೊಡ್ಡಮ್ಮನಿಗೆ ಓದು ಬರುತ್ತಿರಲಿಲ್ಲ. ನಾನು ಓದಿ ಹೇಳಿದ್ದನ್ನು ಅವಳು ಹಾಗೇ ನಂಬಿದಳು.

ಯಾರು ಬಾಗಿಲಿಗೆ ಬಂದರೂ ಅವಳ ಮೊದಲ ಮಾತು ಒಂದೇ: “ಉಂಡ್ಯಾ ಯೋಳು, ಆಮೇಕೆ ಮಿಕ್ಕುದ್ದು.”

ರಾಜ್ಯಗಳನ್ನು ಭಾಷೆಯ ಪ್ರಕಾರ ಹಂಚುತ್ತಾರೆ ಎಂಬ ಮಾತು ಎದ್ದ ಕಾಲ ಅದು. ನಮ್ಮೂರಿನಿಂದ ಒಂದು ದಾರಿ ಊಟಿಗೆ, ಒಂದು ದಾರಿ ವಯನಾಡಿಗೆ. ಗಡಿ ಎಲ್ಲಿ ಬೀಳುತ್ತದೋ ಯಾರಿಗೂ ಗೊತ್ತಿರಲಿಲ್ಲ. ಯಾವ ಭಾಷೆಯವರು ಹೆಚ್ಚಿದ್ದಾರೆಂದು ನೋಡಿ ತಾಲ್ಲೂಕನ್ನೇ ಆ ಕಡೆಗೆ ಕೊಟ್ಟುಬಿಡುತ್ತಾರಂತೆ ಎಂದು ಯಾರೋ ಹೋಟೆಲಿನಲ್ಲಿ ಅಂದರು. ಅಷ್ಟು ಸಾಕಾಯಿತು. ಬಂಡೀಪುರದಲ್ಲಿ ಮರ ಕೊಯ್ಯಲು ಬಂದು ಎಷ್ಟೋ ವರ್ಷದಿಂದ ನಮ್ಮ ನಡುವೆಯೇ ಇದ್ದ ಮಲಯಾಳಿಗಳಿಗೆ ಊರವರು ಮನೆ ಖಾಲಿ ಮಾಡಿ ಎಂದರು. ನಮ್ಮನ್ನೂ ಬಿಡಲಿಲ್ಲ. ನನ್ನ ತಂದೆ ಮಿಷನ್ ಶಾಲೆಯ ಮೇಷ್ಟ್ರು, ಸಭೆಯ ಹಿರಿಯರಲ್ಲಿ ಮುಖ್ಯರು. ದಾರಿಯಲ್ಲಿ ಅವರನ್ನು ನಿಲ್ಲಿಸಿ, “ಬಿಳಿ ದೊರೆಗೋಳು ಹೋದ್ರಲ್ಲಾ ಮೇಷ್ಟ್ರೇ, ನಿಮ್ಮ ಗಂಟುಮೂಟೆ ಯಾವಾಗ?” ಎಂದು ಕೇಳಿ ನಗುತ್ತಿದ್ದರು. ಅಪ್ಪ ತಲೆ ಬಗ್ಗಿಸಿಕೊಂಡು ಬರುತ್ತಿದ್ದರು.

ಹಾಗೆ ಮನೆ ಬಿಡಿಸಿದವರಲ್ಲಿ ಒಬ್ಬ ಹೆಂಗಸಿದ್ದಳು. ಗಂಡ ಗರಗಸದವನು, ದಿಮ್ಮಿ ಉರುಳಿ ಸತ್ತಿದ್ದ. ಅವಳು ಏಳು ತಿಂಗಳ ಬಸುರಿ, ಜೊತೆಗೆ ಮೂರು ವರ್ಷದ ಹೆಣ್ಣುಮಗು. ದೊಡ್ಡಮ್ಮ ಅವರನ್ನು ಕರೆತಂದು ದೇವಾಲಯದ ಹಿಂದಿನ ಕೊಟ್ಟಿಗೆಯಲ್ಲಿ, ಮುರಿದ ಬೆಂಚುಗಳ ನಡುವೆ, ಚಾಪೆ ಹಾಸಿ ಇರಿಸಿದಳು. ಹಿಡಿಯಕ್ಕಿಯಲ್ಲಿ ಗಂಜಿ ಕಾಯಿಸಿ ಕೊಟ್ಟಳು.

ಮುಂದಿನ ಭಾನುವಾರವೇ ಹಿರಿಯರು ನಮ್ಮ ಮನೆಯಲ್ಲಿ ಸೇರಿ ದೊಡ್ಡಮ್ಮನನ್ನು ಕರೆಸಿದರು. ಕಾಫಿ ಕೊಟ್ಟವಳು ನಾನು.

“ಅಕ್ಕಯ್ಯ, ನಾವಿರೋದೇ ನಾಲ್ಕು ಮನೆ. ಊರೋರ ಕಣ್ಣು ನಮ್ಮ ಮೇಲಿದೆ,” ಎಂದರು ಅಪ್ಪ. “ಅವಳು ದೀಕ್ಷಾಸ್ನಾನ ತಗೊಂಡ್ಬುಡ್ಲಿ. ನಮ್ಮ ಸಭೆಯವಳು ಅಂತಾದ್ರೆ ಅಮಲ್ದಾರರ ಮುಂದೆ ನಿಂತು ಮಾತಾಡಬೋದು. ಇಲ್ದಿದ್ರೆ ಯಾವ ಬಾಯಲ್ಲಿ ಕೇಳಲಿ?”

“ಮಡಕೆ ಮೇಲೆ ಬಡವರಿಗೆ ಅಂತ ಬರ್ಸಿದ್ದೀರಿ ಮೇಷ್ಟ್ರೇ. ಸ್ನಾನ ಮಾಡ್ಕಂಡೋರ್ಗೆ ಅಂತ ಬರ್ಸಿಲ್ಲ.”

ಇನ್ನೊಬ್ಬ ಹಿರಿಯರು, “ದೇವರ ಅಕ್ಕಿ ಕಣಮ್ಮ ಅದು,” ಎಂದರು.

“ದೇವ್ರು ಯಾವತ್ತು ಬಂದು ಉಂಡ? ಉಣ್ಣದು ಹೊಟ್ಟೆ ಇರೋರು.”

ಆ ಹೆಂಗಸನ್ನೇ ಕರೆದು ಕೇಳಿದರು. ಅವಳು ಹರಕು ಮುರುಕು ಕನ್ನಡದಲ್ಲಿ, “ನೀರಲ್ಲಿ ಮುಳುಗಿಸಿ, ಏನು ಬೇಕಾದರೂ ಮಾಡಿ. ಮಗುವಿಗೆ ಕಂಜಿ ಬೇಕು,” ಎಂದಳು. ಹಿರಿಯರ ಮುಖ ಅರಳಿತು. ಆ ಅರಳಿದ ಮುಖಗಳನ್ನು ನೆನೆದರೆ ನನಗೆ ಇವತ್ತೂ ಮೈ ಉರಿಯುತ್ತದೆ. ಹಸಿದವಳು ಒಪ್ಪಿದ್ದನ್ನು ಅವರು ದೇವರ ಕೆಲಸವೆಂದುಕೊಂಡರು.

ದೊಡ್ಡಮ್ಮ ಎದ್ದು ನಿಂತಳು. “ನಮ್ಮವ್ವನ ಅವ್ವ ಬರಗಾಲದಲ್ಲಿ ಒಂದು ಸೇರು ಅಕ್ಕಿಗೆ ದೇವಾಲಯದ ಬಾಗ್ಲು ದಾಟುದ್ಳು. ಆಮೇಕೆ ಯೇಸಪ್ಪನ್ನ ನಿಜವಾಗೂ ನಂಬುದ್ಳು. ಆದ್ರೂ ಸಾಯೋಗಂಟ ಊರು ಅವ್ಳನ್ನ ಅಕ್ಕಿಗೆ ಬಂದೋಳು ಅಂತ್ಲೇ ಕರೀತು. ಇವ್ಳ್ಗೂ ಅದೇ ಹೆಸ್ರು ಕಟ್ಟೀರಾ? ಮೊದ್ಲು ಹೆರ್ಲಿ. ಹೊಟ್ಟೆ ತುಂಬ ಉಣ್ಲಿ. ಆಮೇಲೂ ಯೇಸಪ್ಪ ಬೇಕು ಅಂದ್ರೆ ನಾನೇ ಕೈ ಹಿಡ್ಕಂಡು ಕರ್ಕಬತ್ತೀನಿ.”

ಅಕ್ಕಿಗೆ ಬಂದವರು ಎಂಬ ಮಾತು ಅಲ್ಲಿ ಕೂತಿದ್ದ ಪ್ರತಿಯೊಬ್ಬರ ಅಜ್ಜಿಗೂ ತಗುಲುತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳಿದ್ದಕ್ಕೆ ಅವರು ಅವಳನ್ನು ಕ್ಷಮಿಸಲಿಲ್ಲ.

ಮರುದಿನ ದೊಡ್ಡಮ್ಮ ಆಸ್ಪತ್ರೆಯ ಕೆಲಸಕ್ಕೆ ಹೋದ ಮೇಲೆ ಅಪ್ಪ ಹೋಗಿ ಆ ತಾಯಿಮಗುವನ್ನು ಕೊಟ್ಟಿಗೆಯಿಂದ ಹೊರಗೆ ಕಳಿಸಿದರು. ಬೀಗ ಹಾಕು ಎಂದು ನನ್ನ ಕೈಗೆ ಬೀಗದ ಕೈ ಕೊಟ್ಟರು. ನನಗಾಗ ಹದಿನೆಂಟು. ಬುದ್ಧಿ ಇತ್ತು. ಆ ಹೆಂಗಸು ನನ್ನನ್ನೇ ನೋಡುತ್ತಿದ್ದಳು. ನಾನು ಬೀಗ ಹಾಕಿದೆ.

ಸಂಜೆ ದೊಡ್ಡಮ್ಮ ಬಂದು ದೇವಾಲಯದ ಮೆಟ್ಟಿಲ ಮೇಲೆ ಕೂತಿದ್ದ ಅವರಿಬ್ಬರನ್ನೂ ತನ್ನ ಒಂದು ಕೋಣೆಯ ಮನೆಗೆ ಕರೆದುಕೊಂಡು ಹೋದಳು. ಆಮೇಲೆ ನಮ್ಮ ಬಾಗಿಲಿಗೆ ಬಂದಳು. ಬೈಯುತ್ತಾಳೆಂದು ನಾನು ಗೋಡೆಗೆ ಒರಗಿ ನಿಂತೆ. ಅವಳು ಕೇಳಿದ್ದು ಇಷ್ಟೇ: “ಬೀಗ ಹಾಕುವಾಗ ಕೂಸುಂದು ಏನಾರ ಒಳಗೆ ಉಳ್ಕಂಡದಾ ಅಂತ ನೋಡ್ದಾ ಕಣಮ್ಮಿ?”

ನಾನು ನೋಡಿರಲಿಲ್ಲ. ಆ ಮಗುವಿಗೆ ಅದರ ಅಪ್ಪ ಮಾಡಿಕೊಟ್ಟಿದ್ದ ಮರದ ಗೊಂಬೆ ಚಾಪೆಯ ಕೆಳಗಿತ್ತು. ಅದನ್ನು ತೆಗೆಸಿಕೊಂಡು ಹೋದಳು. ಆ ಮೇಲೆ ಆ ವಿಷಯ ಅವಳು ಎತ್ತಲೇ ಇಲ್ಲ.

ಮಡಕೆಯ ಕೆಲಸವನ್ನು ಅವಳಿಂದ ಕಿತ್ತುಕೊಂಡರು. ಆ ವರ್ಷದ ಹಿಡಿಯಕ್ಕಿ ಮಾರಿ ದೇವಾಲಯದ ಕಿಟಕಿಗಳಿಗೆ ಪರದೆ ಹೊಲಿಸಿದರು. ದೊಡ್ಡಮ್ಮ ತನ್ನ ಅನ್ನವನ್ನು ಮೂರು ಪಾಲು ಮಾಡಿ ಉಂಡಳು. ಗಂಡು ಮಗು ಅವಳ ಕೈಯಲ್ಲೇ ಹುಟ್ಟಿತು. ನಾಲ್ಕು ತಿಂಗಳ ನಂತರ ಹೆಂಗಸಿನ ಅಣ್ಣ ವಯನಾಡಿನ ಬತ್ತೇರಿಯಿಂದ ಬಂದು ಮೂವರನ್ನೂ ಕರೆದೊಯ್ದ. ಸ್ನಾನದ ಮಾತನ್ನು ದೊಡ್ಡಮ್ಮ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಗಡಿಯೂ ಬಿತ್ತು. ಗುಂಡ್ಲುಪೇಟೆ ಇದ್ದಲ್ಲೇ ಉಳಿಯಿತು. ಯಾರೂ ನಮ್ಮನ್ನು ಎಲ್ಲಿಗೂ ಓಡಿಸಲಿಲ್ಲ. ಇಷ್ಟಕ್ಕಾಗಿಯೇ ನಾವು ಹೆದರಿದ್ದು.

ದೊಡ್ಡಮ್ಮ ತೀರಿಹೋಗಿ ಈಗ ಮೂರು ತಿಂಗಳಾಯಿತು. ನಾನು ಮದುವೆಯಾಗಿ ಚಾಮರಾಜನಗರದಲ್ಲಿದ್ದೆ. ಸುದ್ದಿ ಬಂದಾಗ ತೆರಕಣಾಂಬಿ ಮೇಲಿನ ಬಸ್ಸು ಹಿಡಿದು ಬಂದೆ. ಸಮಾಧಿಯ ಹತ್ತಿರ ಸಭಾಪಾಲಕರು ಅವಳನ್ನು ‘ಸಭೆಗೆ ವಿಧೇಯಳಾದ ಮಗಳು’ ಎಂದರು. ಹಿರಿಯರು ತಲೆಯಾಡಿಸಿದರು. ಆಮೇಲೆ ಒಬ್ಬೊಬ್ಬರಾಗಿ ಬಂದು, ಕೈ ಕೊಳೆಯಾಗದಂತೆ ಬೆರಳ ತುದಿಯಲ್ಲಿ ಮಣ್ಣು ಚಿವುಟಿ ಹಾಕಿದರು. ಅವಳಿಗೆ ಅವರು ಕೊಟ್ಟದ್ದು ಅಷ್ಟು. ನನ್ನ ಹಿಡಿ ಚಿಕ್ಕದು. ನಾನು ಎರಡು ಸಲ ತುಂಬಿ ಹಾಕಿದೆ.

ಹಿಂತಿರುಗುವಾಗ ಕೊಟ್ಟಿಗೆ ಕಂಡಿತು. ನಾನು ಹಾಕಿದ್ದ ಬೀಗವೇ, ತುಕ್ಕು ಹಿಡಿದು ತೂಗುತ್ತಿತ್ತು. ಅಪ್ಪನನ್ನು ಬೀಗದ ಕೈ ಕೇಳಿದೆ.

“ಯಾಕಮ್ಮ? ಒಳಗೆ ಯಾರೂ ಇಲ್ವಲ್ಲ.”

“ಅವತ್ತು ಇದ್ರಲ್ಲ ಅಪ್ಪ!”

ನಾಲ್ಕು ಜನ ತಿರುಗಿ ನೋಡುವಂತೆ ಕೂಗಿಬಿಟ್ಟೆ. ನನ್ನ ತಂದೆಯ ಎದುರು ನಾನು ದನಿ ಎತ್ತಿದ್ದು ಅದೊಂದೇ ಸಲ. ಎತ್ತಬೇಕಾಗಿದ್ದ ದಿನ ಎತ್ತಲಿಲ್ಲ.